ಬಿಳಿ ಕಣ್ಣಿನ ಶಿಷ್ಯರು

ಪರದೆ ಬಿದ್ದಾಗ ಮೊದಲು ಚೀರಿದವಳು ರೊಟ್ಟಿ ಸುಡುವವನ ಹೆಂಡತಿ.

ಪರದೆ ಬೀಳಬೇಕಾದದ್ದೇ. ತಪಸ್ಸುಕಾಲದ ನಲವತ್ತು ದಿನ ಬಲಿಪೀಠವನ್ನು ಮರೆಮಾಡಿ ತೂಗುವ ಆ ದೊಡ್ಡ ಬಟ್ಟೆ, ಪವಿತ್ರ ವಾರದ ಬುಧವಾರ ಪಾದ್ರಿಗಳು ಯೇಸುವಿನ ಯಾತನೆಯ ಕಥೆ ಹಾಡುತ್ತ 'ದೇವಾಲಯದ ತೆರೆ ಹರಿಯಿತು' ಎಂಬಲ್ಲಿಗೆ ಬಂದ ಕೂಡಲೇ ಹಗ್ಗ ಬಿಚ್ಚಿಕೊಂಡು ಧೊಪ್ಪನೆ ಕೆಳಗೆ ಬೀಳುತ್ತದೆ. ಪ್ರತಿ ವರ್ಷವೂ ಮಕ್ಕಳು ಬೆಚ್ಚುತ್ತಾರೆ, ದೊಡ್ಡವರು ಮುಸಿಮುಸಿ ನಗುತ್ತಾರೆ. ಈ ವರ್ಷ ಯಾರೂ ನಗಲಿಲ್ಲ.

ಪರದೆಯ ಹಿಂದೆ, ಬಲಿಪೀಠದ ಮೇಲಿನ ಮರದ ಮಂಟಪದ ಎರಡು ರೆಕ್ಕೆಬಾಗಿಲುಗಳೂ ಮುಚ್ಚಿರಬೇಕಿತ್ತು. ಬಲಗಡೆಯದು ಒಂದು ಗೇಣು ತೆರೆದಿತ್ತು. ಆ ಗೇಣಗಲದ ಕತ್ತಲೆಯೊಳಗಿಂದ ಸಂತ ಯೋಹಾನ ಜನರನ್ನು ನೋಡುತ್ತಿದ್ದ.

ಯೋಹಾನ ಅಲ್ಲಿದ್ದಾನೆಂಬುದು ಎರ್ಲೆನ್‌ಫುರ್ಟ್ ಪಟ್ಟಣದ ಕೂಸಿಗೂ ಗೊತ್ತು. ಅವನಿಗೆ ಕಣ್ಣಿಲ್ಲವೆಂಬುದೂ ಅಷ್ಟೇ ಚೆನ್ನಾಗಿ ಗೊತ್ತು. ಸಾಯುತ್ತಿರುವ ಮರಿಯಮ್ಮನ ಸುತ್ತ ನೆರೆದ ಹನ್ನೆರಡು ಶಿಷ್ಯರಲ್ಲಿ ಒಬ್ಬರಿಗೂ ಕಣ್ಣು ಬರೆದಿರಲಿಲ್ಲ. ಬರೆಯಬೇಕಾಗಿದ್ದ ಚಿತ್ರಗಾರ ಯೋಬ್ಸ್ಟ್ ಕಾಣೆಯಾಗಿ ಎರಡು ತಿಂಗಳ ಮೇಲಾಗಿತ್ತು. ಅವನನ್ನು ಕೊಂದನೆಂದು, ಆ ಮೂರ್ತಿಗಳನ್ನು ಕೆತ್ತಿದ ಎಂಡ್ರೆಸ್ ಮೇಸ್ತ್ರಿ ಕೋಟೆಯ ಬುರುಜಿನಲ್ಲಿ ಕುಳಿತು ಕತ್ತಿಗೆ ತಲೆ ಕೊಡುವ ದಿನ ಎಣಿಸುತ್ತಿದ್ದ.

ಈಗ ಯೋಹಾನನಿಗೆ ಕಣ್ಣಿತ್ತು. ಕಂದು ಬಣ್ಣದ, ಒದ್ದೆಯಾದ, ರೆಪ್ಪೆಯಿದ್ದ ಕಣ್ಣು.

ಹೆಂಗಸರ ಸಾಲಿನಲ್ಲಿ ನಿಂತಿದ್ದ ಕುನಿಗುಂಡಮ್ಮ ಪಕ್ಕದ ಕಂಬವನ್ನು ಹಿಡಿದುಕೊಂಡಳು. ಗಂಡ ಸತ್ತ ಒಂಬತ್ತು ವರ್ಷದಿಂದ ಮೂರ್ತಿಗಳಿಗೆ ಬಂಗಾರದ ಹಾಳೆ ಹಚ್ಚುವ ಅವನ ಕೆಲಸವನ್ನು ತಾನೇ ನಡೆಸಿಕೊಂಡು ಬಂದವಳು ಅವಳು. ಮೈನ್ ನದಿಯ ಈ ದಡದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅವಳ ಬಾಯಿಗೆ ಹೆದರಿಯೋ ಏನೋ, ಬೇರೆಯವರೂ ಅಲ್ಲಗಳೆಯುತ್ತಿರಲಿಲ್ಲ. ಆ ಹೆಸರಿನ ಮೇಲೆಯೇ ಪಟ್ಟಣದ ಸಭೆ ಅವಳನ್ನು ಕರೆಸಿ, ಮಂಟಪ ತೋರಿಸಿ, ಪ್ರಮಾಣ ಮಾಡಿಸಿತ್ತು. ಕಣ್ಣು ಬರೆದಿಲ್ಲ, ಕೆಲಸ ಮುಗಿದಿಲ್ಲ ಎಂದು ಅವಳು ಬಲಗೈಯ ಎರಡು ಬೆರಳೆತ್ತಿ ಹೇಳಿದ್ದಳು.

ಎಂಡ್ರೆಸನನ್ನು ಮುಳುಗಿಸಿದ್ದು ಆ ಒಂದು ಮಾತು. ಯೋಬ್ಸ್ಟ್ ಕೆಲಸ ಮುಗಿಸಿ, ತಮ್ಮಿಬ್ಬರ ನಡುವಿನ ಜಗಳ ಮರೆತು, ತನ್ನ ಕೈ ಕುಲುಕಿ ಹೊರಟುಹೋದ ಎಂದು ಅವನು ಹೇಳುತ್ತಿದ್ದ. ಕಣ್ಣೇ ಬರೆಯದೆ ಯಾವ ಚಿತ್ರಗಾರ ಕೆಲಸ ಮುಗಿಯಿತು ಅನ್ನುತ್ತಾನೆ? ಎಂಡ್ರೆಸ್ ಸುಳ್ಳುಗಾರನಾದ, ಸುಳ್ಳುಗಾರ ಕೊಲೆಗಾರನಾದ.

*

ಪೂಜೆ ಹೇಗೋ ಮುಗಿಯಿತು. ಪಟ್ಟಣದ ಮುಖ್ಯಸ್ಥ ಉಲ್ರಿಶ್ ಹಾಲ್ಬಾಖ್ ಜನರನ್ನೆಲ್ಲ ಹೊರಗೆ ಕಳಿಸಿ, ಕುನಿಗುಂಡಮ್ಮನನ್ನು ಮಾತ್ರ ನಿಲ್ಲಿಸಿಕೊಂಡ. ದಪ್ಪ ಮನುಷ್ಯ, ಚಳಿಗಾಲ ಶುರುವಾದಾಗಿನಿಂದ ಮೂಗು ಸೋರುತ್ತಲೇ ಇತ್ತು. ಸತ್ತವನು ಬಂದು ಬಾಕಿ ಕೆಲಸ ಮುಗಿಸುತ್ತಿದ್ದಾನೆಂದು ಹೊರಗೆ ಆಗಲೇ ಗುಲ್ಲೆದ್ದಿತ್ತು.

"ನನಗೆ ದೆವ್ವದ ಮೇಲೆ ಕೋಪ ಇಲ್ಲ ಕುನಿಗುಂಡಮ್ಮ" ಎಂದ ಅವನು, ಮೂಗೊರೆಸಿಕೊಳ್ಳುತ್ತ. "ಸತ್ತೋನು ಬಂದು ಬರೆದಿದ್ರೆ ಅವನು ಸತ್ತಿರೋದು ಖಾತ್ರಿ, ಎಂಡ್ರೆಸ್ ತಲೆ ಹೋಗುತ್ತೆ. ಬದುಕಿರೋನು ಬರೆದಿದ್ರೆ ಎಂಡ್ರೆಸ್ ಮನೆಗೆ ಹೋಗ್ತಾನೆ. ಯಾವುದು ಅಂತ ನೀವೇ ನೋಡಿ ಹೇಳಿ."

ಎಷ್ಟು ಹೊತ್ತಿದೆ ಎಂದು ಅವಳು ಕೇಳಿದಳು. ಕೇಳಬೇಕಾದ್ದೇನೂ ಇರಲಿಲ್ಲ. ನಾಳೆ ಗುರುವಾರ ಗಂಟೆಗಳ ಬಾಯಿ ಕಟ್ಟುತ್ತಾರೆ. ಗಂಟೆ ಮೂಕವಾಗಿರುವ ದಿನಗಳಲ್ಲಿ ಎರ್ಲೆನ್‌ಫುರ್ಟ್‌ನಲ್ಲಿ ಯಾರ ಪ್ರಮಾಣವೂ ನಡೆಯುವುದಿಲ್ಲ. ಅದಾದ ಮೇಲೆ ಹಬ್ಬ, ಹಬ್ಬದ ಮಂಗಳವಾರವೇ ಕತ್ತಿ. ಹೇಳುವುದೇನಿದ್ದರೂ ಇವತ್ತು ಸಂಜೆಯ ಗಂಟೆ ನಿಲ್ಲುವುದರೊಳಗೆ ಹೇಳಬೇಕು.

ಹೋಗುತ್ತ ಹೋಗುತ್ತ ಹಾಲ್ಬಾಖ್ ಇನ್ನೊಂದನ್ನೂ ನೆನಪಿಸಿದ. ಮೊದಲು ಮಾಡಿದ ಪ್ರಮಾಣ ಬೇಕೆಂದೇ ಮಾಡಿದ ಸುಳ್ಳು ಎಂದು ಕಂಡುಬಂದರೆ, ಎತ್ತಿದ ಆ ಎರಡು ಬೆರಳು ಪಟ್ಟಣಕ್ಕೆ ಸೇರುತ್ತವೆ. ಅವನು ಅದನ್ನು ಕೆಟ್ಟತನದಿಂದ ಹೇಳಲಿಲ್ಲ, ಹವೆಯ ಸಂಗತಿ ಹೇಳುವಂತೆ ಹೇಳಿದ.

ಕುನಿಗುಂಡಮ್ಮ ತನ್ನ ಬೆರಳುಗಳನ್ನು ನೋಡಿಕೊಳ್ಳಲಿಲ್ಲ. ಅವಳ ಮನಸ್ಸಿನಲ್ಲಿ ಎಂಡ್ರೆಸನ ಮುಖವಿತ್ತು. ಅವಳು ಪ್ರಮಾಣ ಮಾಡಿದ ದಿನ ಅವನು ಬೈದಿರಲಿಲ್ಲ, ಅತ್ತಿರಲಿಲ್ಲ. ಇನ್ನೊಂದು ಸಲ ನೋಡಿ ಅಕ್ಕ, ಎಂದಷ್ಟೇ ಕೇಳಿಕೊಂಡಿದ್ದ. ಅವಳು ನೋಡಿರಲಿಲ್ಲ. ಆ ನಾಚಿಕೆ ಅವಳನ್ನು ಎರಡು ತಿಂಗಳಿಂದ ಒಳಗೊಳಗೇ ತಿನ್ನುತ್ತಿತ್ತು.

*

ಇಗರ್ಜಿಯ ಬೀಗದ ಕೈ ಇಟ್ಟುಕೊಂಡು ಗಂಟೆ ಹೊಡೆಯುವ ಮುದುಕ ಲಿನ್ಹಾರ್ಟ್ ಬಲಿಪೀಠದ ಮೆಟ್ಟಿಲ ಮೇಲೆ ಕುಕ್ಕರಿಸಿದ್ದ. ಬಾಗಿಲು ತೆಗೆಯಲು ಅವನ ಕೈಗೆ ಧೈರ್ಯ ಬರಲಿಲ್ಲ. ಅವಳೇ ಎರಡೂ ರೆಕ್ಕೆಗಳನ್ನು ಹಿಡಿದು ಅಗಲಿಸಿದಳು.

ಮಧ್ಯಾಹ್ನದ ಬೆಳಕು ಬಂಗಾರದ ಮೇಲೆ ಬಿತ್ತು. ಮಂಚದ ಮೇಲೆ ಮರಿಯಮ್ಮ, ಸುತ್ತ ಆಳೆತ್ತರದ ಶಿಷ್ಯರು. ಅಂದ್ರೆಯನಿಗೆ ಕಣ್ಣಿತ್ತು. ಫಿಲಿಪ್ಪನಿಗಿತ್ತು. ಹಿಂದೆ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ ತೋಮನಿಗೂ, ನಮಗೆ ಕಾಣುವ ಕಡೆ, ಕಣ್ಣಿತ್ತು. ಅವಳು ಎಣಿಸಿದಳು. ಏಳು ಮಂದಿ ನೋಡುತ್ತಿದ್ದರು, ಐದು ಮಂದಿ ಕುರುಡರು. ತೋಮನನ್ನು ಬಿಟ್ಟರೆ ಉಳಿದವರ ದೃಷ್ಟಿ ಮರಿಯಮ್ಮನ ಮೇಲಿತ್ತು. ಯೋಹಾನ ಮಾತ್ರ ಹೊರಗೆ ನೋಡುತ್ತಿದ್ದ.

ಕುರುಡರಿಗಿಂತ ನೋಡುವವರನ್ನು ಕಂಡರೇ ಹೆಚ್ಚು ಭಯವಾಗುತ್ತಿತ್ತು.

"ಎಷ್ಟು ದಿನದಿಂದ ಲಿನ್ಹಾರ್ಟಣ್ಣ?"

ಮುದುಕ ನಿಧಾನವಾಗಿ ಬಾಯಿಬಿಟ್ಟ. ತಪಸ್ಸುಕಾಲದ ಮೊದಲ ಶುಕ್ರವಾರ ಮೇಣದ ಹನಿ ಒರೆಸಲು ಬಾಗಿಲು ತೆರೆದವನಿಗೆ ಅಂದ್ರೆಯ ಕಣ್ಣು ಬಿಟ್ಟಿದ್ದು ಕಂಡಿತಂತೆ. ಮುಂದಿನ ಶುಕ್ರವಾರ ಫಿಲಿಪ್ಪ. ಹಾಗೆ ಆರು ಶುಕ್ರವಾರ, ಆರು ಜೊತೆ ಕಣ್ಣು. ಯೋಹಾನ ನಿನ್ನೆ ಸಂಜೆಯವರೆಗೂ ಕುರುಡನೇ. ಬಾಗಿಲು ಮುಚ್ಚಿ ಅಗುಳಿ ಹಾಕಿದ್ದು ತನಗೆ ನೆನಪಿದೆ ಎಂದ.

ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವನು ತಲೆ ತಗ್ಗಿಸಿದ. ಯೋಬ್ಸ್ಟ್ ಒಳ್ಳೆಯವನು, ಕೆಲಸ ಬಾಕಿ ಬಿಟ್ಟು ಹೋಗಲಾರದೆ ಬರುತ್ತಿದ್ದಾನೆ, ಹೆದರಿಸಿ ಓಡಿಸುವುದು ಪಾಪ ಎನ್ನಿಸಿತಂತೆ. ಹಸಿದುಕೊಂಡು ದುಡಿಯಬಾರದೆಂದು ಪೀಠದ ಹಿಂದೆ ದಿನಾ ಒಂದು ತಿರುಚಿದ ಉಪ್ಪುರೊಟ್ಟಿಯನ್ನೂ ಇಟ್ಟು ಬರುತ್ತಿದ್ದನಂತೆ.

"ತಿಂತಾನಾ?"

"ಒಂದು ಚೂರೂ ಬಿಡಲ್ಲ."

"ಈ ಇಗರ್ಜಿಯಲ್ಲಿ ಇಲಿಗಳೆಷ್ಟಿವೆ ಲಿನ್ಹಾರ್ಟಣ್ಣ?"

ಮುದುಕನಿಗೆ ನೋವಾಯಿತು. "ಇಲಿ ಕಣ್ಣು ಬರಿಯುತ್ತೇನಮ್ಮ?" ಎಂದ.

ಪರದೆಯ ಹಿಂದೆ ಯಾರು ಯಾರು ಬರುತ್ತಾರೆಂದು ಕೇಳಿದಳು. ಪಾದ್ರಿಗಳು, ತಾನು, ಮತ್ತೆ ಶುಕ್ರವಾರಗಳಂದು ಒಗೆದ ಬಟ್ಟೆ ಹಾಸಲು ನಿಮ್ಮ ಮನೆಯ ಹುಡುಗಿ ಡೊರೋಥೆ, ಇನ್ನು ಯಾರೂ ಇಲ್ಲ ಎಂದ ಲಿನ್ಹಾರ್ಟ್. ಅವನೂ ಡೊರೋಥೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಹೆತ್ತ ತಾಯಿಯೂ ತೆಗೆದುಕೊಳ್ಳಲಿಲ್ಲ.

*

ಕುನಿಗುಂಡಮ್ಮ ಏಣಿ ತರಿಸಿ ಹತ್ತಿದಳು. ಮಂಡಿ ಕಿರ್ರೆಂದಿತು.

ಮೊದಲು ಅಂದ್ರೆಯನ ರೆಪ್ಪೆ ನೋಡಿದಳು. ಯೋಬ್ಸ್ಟ್ ಎಡಚ. ಎಡಗೈಯವರು ಎಳೆದ ಕೂದಲಿನ ಗೆರೆ ಬಲಗೈಯವರದ್ದಕ್ಕೆ ಎದುರು ದಿಕ್ಕಿನಲ್ಲಿ ತೆಳ್ಳಗಾಗುತ್ತದೆ. ಯೋಬ್ಸ್ಟನದಕ್ಕೆ ತುದಿಯಲ್ಲಿ ಒಂದು ಸಣ್ಣ ಕೊಕ್ಕೆ ಬೇರೆ. ಆ ಕೊಕ್ಕೆ ಇಲ್ಲಿತ್ತು. ಏಳೂ ಮಂದಿಯಲ್ಲಿ ಇತ್ತು. ಯೋಹಾನನದಂತೂ ಅವನ ಸಹಿ ಹಾಕಿದಷ್ಟು ಸ್ಪಷ್ಟ. ಅನುಮಾನಕ್ಕೆ ಜಾಗವೇ ಇರಲಿಲ್ಲ: ಇದು ಯೋಬ್ಸ್ಟನ ಕೈ.

ಹಾಗಾದರೆ ಅವನು ಬದುಕಿದ್ದಾನೆ. ಇಲ್ಲವೇ ಲಿನ್ಹಾರ್ಟ್ ಹೇಳಿದ್ದೇ ನಿಜ. ಬೆನ್ನ ಹಿಂದೆ ಖಾಲಿ ಇಗರ್ಜಿಯಲ್ಲಿ ಏನೋ ಟಕ್ ಎಂದಿತು. ಹಳೆಯ ಮರ ಬಿಸಿಲಿಗೆ ಹಿಗ್ಗಿದ ಸದ್ದು ಅದೆಂದು ಗೊತ್ತಿದ್ದೂ ಅವಳು ತಿರುಗಿ ನೋಡಿದಳು.

ಆಮೇಲೆ ಹಿಂದಿನ ಸಾಲಿನ ತೋಮನ ಕಡೆ ಕಣ್ಣು ಹೊರಳಿತು. ಅವನ ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಗೋಡೆಯ ಕಡೆ. ಮೂರ್ತಿಯನ್ನು ಮಂಟಪದೊಳಗೆ ನಿಲ್ಲಿಸಿ ಮೊಳೆ ಹೊಡೆದ ಮೇಲೆ ಆ ಸಂದಿಯಲ್ಲಿ ಎರಡು ಬೆರಳೂ ತೂರುವುದಿಲ್ಲ. ಈ ತಪಸ್ಸುಕಾಲದಲ್ಲಿ ಬಂದು ಬರೆದವನು, ದೆವ್ವವಾಗಿರದಿದ್ದರೆ, ಗೋಡೆಯ ಕಡೆಯ ಕಣ್ಣನ್ನು ಬಿಟ್ಟಿರಲೇಬೇಕು.

ಮೂರ್ತಿಗಳ ಬೆನ್ನಿನ ಬಂಗಾರ ನೋಡಲೆಂದು ಸದಾ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ಪುಟ್ಟ ಕನ್ನಡಿಯನ್ನು ಅವಳು ಒಂದು ಕಡ್ಡಿಗೆ ಕಟ್ಟಿ ಸಂದಿಯೊಳಗೆ ತೂರಿಸಿದಳು. ಮೇಣದಬತ್ತಿಯನ್ನು ಮೇಲಿನಿಂದ ಹಿಡಿದಳು. ಕನ್ನಡಿಯೊಳಗೆ ತೋಮನ ಇನ್ನೊಂದು ಕಣ್ಣು ತೇಲಿ ಬಂತು.

ಬರೆದಿತ್ತು. ಗುಡ್ಡೆ, ಹೊಳಪಿನ ಚುಕ್ಕೆ, ಒಂದೊಂದಾಗಿ ಎಳೆದ ರೆಪ್ಪೆಗಳು, ಮೇಲೊಂದು ರಾಳದ ಮೆರುಗು. ಅದರ ಮೂಲೆಯಲ್ಲಿ ಒರೆಸಿದರೂ ಹೋಗದ ಬಿಳಿ ಕೆಸರು, ಪಕ್ಕದ ಬಂಗಾರದ ಕೂದಲಿಗೂ ಅದೇ ಬಿಳಿ ಮೆತ್ತಿತ್ತು.

ಏಣಿಯ ಮೇಲೆಯೇ ನಿಂತು ಅವಳು ಲೆಕ್ಕ ಹಾಕಿದಳು. ಬಿಳಿ ಬಳಿಯುವುದಕ್ಕೆ ಕಡ್ಡಿಯ ತುದಿಗೆ ಸುತ್ತಿದ ಚಿಂದಿ ಸಾಕು, ಒರೆಸುವುದಕ್ಕೂ ಅಷ್ಟೇ ಸಾಕು, ಕಣ್ಣಿಗೆ ಕಾಣದಿದ್ದರೂ ನಡೆಯುತ್ತದೆ. ರೆಪ್ಪೆ ಎಳೆಯುವುದಕ್ಕೆ ಮಾತ್ರ ಮೂರ್ತಿ ಕೆಲಸದ ಮೇಜಿನ ಮೇಲೆ ಮಲಗಿರಲೇಬೇಕು. ಅಂದರೆ ಈ ಕಣ್ಣುಗಳನ್ನು ಯಾರೂ ಈಗ ಬಂದು ಬರೆದಿಲ್ಲ. ಮಂಟಪ ಇಗರ್ಜಿಗೆ ಬರುವ ಮೊದಲೇ ಬರೆದಿತ್ತು. ಯಾರೋ ಮುಚ್ಚಿದ್ದರು, ಈಗ ಯಾರೋ ತೊಳೆಯುತ್ತಿದ್ದರು.

ಅವಳು ಪೇತ್ರನ ಬಿಳಿ ಕಣ್ಣಿನತ್ತ ಕೈ ಚಾಚಿದಳು. ಬೆರಳು ಅರ್ಧದಲ್ಲೇ ತಡೆಯಿತು. ಬಣ್ಣದ ಕೆಳಗೆ ಹಚ್ಚುವ ಸೀಮೆಸುಣ್ಣದ ತಳವನ್ನು ಕಸುಬಿನವರು ಸತ್ತರೂ ಮುಟ್ಟುವುದಿಲ್ಲ. ಬೆರಳಿನ ಜಿಡ್ಡು ತಗಲಿದ ಕಡೆ ಬಣ್ಣ ಕೂರುವುದಿಲ್ಲ, ವರ್ಷದೊಳಗೆ ಹಪ್ಪಳದ ಹಾಗೆ ಏಳುತ್ತದೆ. ಪ್ರಮಾಣದ ದಿನವೂ ಅವಳು ಕೈ ಹಿಂದೆ ಕಟ್ಟಿಕೊಂಡೇ ನೋಡಿದ್ದಳು. ಕಸುಬು ಗೊತ್ತಿಲ್ಲದ ಯಾವ ಹೆಂಗಸಾದರೂ ಒಮ್ಮೆ ಮುಟ್ಟಿ ನೋಡುತ್ತಿದ್ದಳು, ಬೆರಳಿಗೆ ಬಿಳಿ ಹತ್ತುತ್ತಿತ್ತು, ಎಂಡ್ರೆಸ್ ಅವತ್ತೇ ಮನೆಗೆ ಹೋಗುತ್ತಿದ್ದ.

ಮುಚ್ಚಿದವರಿಗೆ ಇದು ಗೊತ್ತಿತ್ತು. ಅವಳು ಮುಟ್ಟುವುದಿಲ್ಲವೆಂದು ಗೊತ್ತಿತ್ತು.

ಬೆರಳಿಗೆ ಉಗುಳು ಹಚ್ಚಿಕೊಂಡು ಪೇತ್ರನ ಕಣ್ಣನ್ನು ಉಜ್ಜಿದಳು. ಬಿಳಿ ಕರಗಿ ಕೆನ್ನೆಯ ಮೇಲೆ ಇಳಿಯಿತು. ಕೆಳಗಿನಿಂದ ನೀಲಿ ಕಣ್ಣೊಂದು ಅವಳನ್ನೇ ನೋಡಿತು. ಲಿನ್ಹಾರ್ಟ್ ಮೆಟ್ಟಿಲ ಮೇಲೆ ಮೊಣಕಾಲೂರಿಬಿಟ್ಟ.

ಅಂಟಿನ ಗಟ್ಟಿತನ ನೋಡಲು ನಾಲಿಗೆಗೆ ತಗಲಿಸಿಕೊಳ್ಳುವುದು ಅವಳ ಹಳೆಯ ಚಾಳಿ. ಯೋಚಿಸದೆಯೇ ಆ ಬೆರಳನ್ನು ಬಾಯಿಗಿಟ್ಟಳು.

ಸಿಹಿಯಾಗಿತ್ತು.

ಸೀಮೆಸುಣ್ಣಕ್ಕೆ ಬೆರೆಸುವ ತೊಗಲಿನ ಅಂಟು ಎಲ್ಲರ ಮನೆಯಲ್ಲೂ ಕಹಿ, ಇಲ್ಲವೇ ಬೆಳ್ಳುಳ್ಳಿ ನಾತ. ಅದಕ್ಕೆ ಒಂದು ಚಮಚ ಜೇನು ಹಾಕಿದರೆ ಬಿರುಕು ಬಿಡುವುದಿಲ್ಲವೆಂಬುದು ಅವಳ ಗಂಡ ಕಂಡುಕೊಂಡ ಗುಟ್ಟು. ಆ ಗುಟ್ಟು ಅವಳ ಮನೆಯ ಹೊಸ್ತಿಲು ದಾಟಿರಲಿಲ್ಲ. ಗಂಡ ಸತ್ತ ಮೇಲೆ ಅದನ್ನು ಬಲ್ಲವರು ಇಬ್ಬರೇ ಉಳಿದಿದ್ದರು.

ಅವಳು ಏಣಿಯಿಂದ ಇಳಿದಳು. ನೇರ ಮನೆಗೆ ನಡೆದಳು.

*

ಡೊರೋಥೆ ಅಡುಗೆಮನೆಯಲ್ಲಿ ಕೊಡತಿ ಹಿಡಿದು ಒಣಮೀನನ್ನು ಮೆತ್ತಗಾಗುವಂತೆ ಬಡಿಯುತ್ತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ, ತಾಯಿಯ ಕೈಚಳಕ ಬಂದಿತ್ತು, ತಾಯಿಯ ಬಾಯಿ ಬಂದಿರಲಿಲ್ಲ. ಕುನಿಗುಂಡಮ್ಮ ಬಾಗಿಲು ಹಾಕಿ ಅಗುಳಿ ಜಡಿದಳು.

"ಪೇತ್ರನ ಕಣ್ಣು ಸಿಹಿಯಾಗಿತ್ತು" ಎಂದಳು.

ಬಡಿತ ನಿಂತಿತು. ಡೊರೋಥೆ ಕೊಡತಿ ಕೆಳಗಿಟ್ಟು, ಕೈಯನ್ನು ಉದ್ದಂಗಿಗೆ ಒರೆಸಿಕೊಂಡಳು. ಬಹಳ ದಿನದಿಂದ ಈ ಮಾತಿಗೇ ಕಾಯುತ್ತಿದ್ದವಳ ಹಾಗೆ ಅವಳ ಮುಖ ಸಡಿಲವಾಯಿತು.

"ಬಳಿದೋಳು ನಾನೇ ಅಮ್ಮ. ಅವರೇ ಹೇಳಿದ್ರು."

"ಯಾರು?"

"ಯೋಬ್ಸ್ಟ್."

ಆಮೇಲೆ ಮಾತು ತಾನಾಗಿಯೇ ಹೊರಬಂತು. ಫೆಬ್ರವರಿಯ ಮೇಣದಬತ್ತಿ ಹಬ್ಬದ ದಿನ ಯೋಬ್ಸ್ಟ್ ಗಾಬರಿಯಾಗಿ ಬಂದಿದ್ದನಂತೆ. ಕೆಲಸ ಮುಗಿಯಿತೆಂದು ಗೊತ್ತಾದ ದಿನ ತನ್ನನ್ನು ಜೀವಸಹಿತ ಬಿಡದವರು ಈ ಊರಲ್ಲಿದ್ದಾರೆ, ಕಣ್ಣುಗಳಿಗೆ ಬಿಳಿ ಬಳಿದರೆ ಕೆಲಸ ಬಾಕಿ ಇದೆಯೆಂದು ಕಾಯುತ್ತಾರೆ, ಅಷ್ಟರಲ್ಲಿ ತಾನು ದೂರ ಹೋಗಿಬಿಡುತ್ತೇನೆ ಎಂದನಂತೆ. ಯಾರೆಂದು ಹೆಸರು ಹೇಳಲಿಲ್ಲ. ಈಸ್ಟರ್ ಹೊತ್ತಿಗೆ ಬಂದು ನಿನ್ನ ಅಮ್ಮನ ಹತ್ತಿರ ಕೇಳುತ್ತೇನೆ ಎಂದು ಮಾತು ಕೊಟ್ಟನಂತೆ. ಏನು ಕೇಳುವುದೆಂದು ಡೊರೋಥೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಎಂಡ್ರೆಸನ ತಲೆ ಹೋಗುತ್ತೆ ಅಂತ ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆಯಲ್ಲೇ."

"ಹೇಳಿದ್ರೆ, ನಿನಗೂ ಗೊತ್ತಿತ್ತು ಅಂತ ನಿನ್ನ ಬೆರಳು ಹೋಗುತ್ತಿತ್ತಲ್ಲಮ್ಮ. ಅದಕ್ಕೇ ಶುಕ್ರವಾರಕ್ಕೊಂದು ಜೊತೆ ತೊಳೆದೆ. ಕಣ್ಣು ತಾನಾಗಿ ಬಂದ್ರೆ ಯೋಬ್ಸ್ಟ್ ಬದುಕಿದ್ದಾರೆ ಅಂತ ಜನಾನೇ ಹೇಳ್ತಾರೆ, ಎಂಡ್ರೆಸಣ್ಣನ್ನ ಬಿಡ್ತಾರೆ ಅಂದ್ಕೊಂಡೆ. ಆ ಲಿನ್ಹಾರ್ಟಜ್ಜ ಯಾರಿಗೂ ಉಸುರಲಿಲ್ಲ."

ಕುನಿಗುಂಡಮ್ಮ ಬೆಂಚಿನ ಮೇಲೆ ಕುಸಿದಳು. ಮಗಳ ಕೆನ್ನೆಗೆ ಬಾರಿಸಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು, ಎರಡೂ ಮಾಡಲಿಲ್ಲ. ಎಂಡ್ರೆಸನನ್ನು ಉಳಿಸಬೇಕಾದರೆ ನಿಜ ಹೇಳಬೇಕು. ನಿಜ ಹೇಳಿದರೆ ಬುರುಜಿನಿಂದ ಅವನು ಹೊರಗೆ, ಅವನ ಜಾಗಕ್ಕೆ ಈ ಹುಡುಗಿ.

"ಇವತ್ತು ಯೋಹಾನನ್ನ ತೊಳೆದು ಬಾಗಿಲು ಹಾಕೋಕೆ ಮರೆತೆ, ಅಲ್ವಾ?" ಎಂದಳು ಕೊನೆಗೆ. ಬೈಗುಳಕ್ಕೆ ಒಂದು ಸಣ್ಣ ಕಾರಣ ಸಿಕ್ಕಿದ್ದೇ ಸಮಾಧಾನವಾಗಿತ್ತು.

ಡೊರೋಥೆ ತಾಯಿಯನ್ನು ನೋಡಿದಳು. ಅವಳ ತುಟಿ ಬಿಳುಪೇರಿತ್ತು.

"ಇವತ್ತು ನಾನು ಪರದೆ ಹಿಂದೆ ಹೋಗೇ ಇಲ್ಲಮ್ಮ. ಯೋಹಾನನ ಕಣ್ಣು ಕಂಡಾಗ ನಿನ್ನ ಹಾಗೇ ನಾನೂ ಹೆದರಿದೆ. ಅವನನ್ನ ನಾನು ಮುಚ್ಚೂ ಇಲ್ಲ, ತೊಳೆದೂ ಇಲ್ಲ."

"ಮತ್ತೆ?"

"ಅವನಿಗೊಬ್ಬನಿಗೆ ಯೋಬ್ಸ್ಟ್ ಕಣ್ಣು ಬರೆದೇ ಇರಲಿಲ್ಲ. ಒಂದಾದ್ರೂ ನಿಜವಾಗಿ ಬಾಕಿ ಇರಲಿ, ಆಗ ಬಾಕಿ ಇದೆ ಅಂದ್ರೆ ಸುಳ್ಳಾಗಲ್ಲ, ಬಂದ ಮೇಲೆ ಬರೀತೀನಿ ಅಂದಿದ್ರು."

*

ಇಬ್ಬರೂ ಓಡಿದರು. ಐವತ್ತು ದಾಟಿದ ಹೆಂಗಸು ಪವಿತ್ರ ವಾರದಲ್ಲಿ ಬೀದಿಯ ನಡುವೆ ಓಡಿದ್ದನ್ನು ಎರ್ಲೆನ್‌ಫುರ್ಟ್ ಬಹಳ ಕಾಲ ಮರೆಯಲಿಲ್ಲ.

ಇಗರ್ಜಿಯೊಳಗೆ ಬೆಳಕು ಇಳಿಮುಖವಾಗಿತ್ತು. ಲಿನ್ಹಾರ್ಟ್ ಆಗಲೇ ಗಂಟೆಗೋಪುರ ಹತ್ತಿಯಾಗಿತ್ತು. ಏಣಿ ಹಾಗೆಯೇ ಇತ್ತು. ಯೋಹಾನನ ಎದುರು ನಿಂತಾಗ ಕುನಿಗುಂಡಮ್ಮನಿಗೆ ತನ್ನ ಮೇಲೆಯೇ ರೇಗಿತು. ಮಧ್ಯಾಹ್ನ ಅವಳು ಪೇತ್ರನನ್ನು ಮುಟ್ಟಿದ್ದಳು, ಇವನನ್ನು ನೋಡಿ ಬಿಟ್ಟಿದ್ದಳು. ಒಂದೇ ತಪ್ಪನ್ನು ಎರಡು ಸಲ ಮಾಡಿದ್ದಳು.

ಕಿರುಬೆರಳನ್ನು ಅವನ ಕಣ್ಣಿನ ಮೂಲೆಗೆ ಮೆಲ್ಲಗೆ ತಗಲಿಸಿದಳು. ಬೆರಳ ತುದಿಗೆ ಕಂದು ಬಣ್ಣ ಹತ್ತಿತು.

ಅಕ್ರೋಟಿನ ಎಣ್ಣೆಯಲ್ಲಿ ಅರೆದ ಬಣ್ಣ. ಇಂಥದ್ದು ಒಂದು ರಾತ್ರಿ ಕಳೆದರೆ ಅಂಟಂಟಾಗುತ್ತದೆ. ಇದು ಇನ್ನೂ ಎಣ್ಣೆಯಾಗಿಯೇ ಇತ್ತು. ಇವತ್ತು ಬೆಳಿಗ್ಗೆ, ಪೂಜೆಗೆ ಸ್ವಲ್ಪ ಮೊದಲು ಬರೆದದ್ದು. ರೆಪ್ಪೆಯ ಗೆರೆ ಎಡಗೈಯದು, ತುದಿಯಲ್ಲಿ ಆ ಕೊಕ್ಕೆ.

"ಬಂದಿದ್ದಾರಮ್ಮ" ಎಂದಳು ಡೊರೋಥೆ ಕೆಳಗಿನಿಂದ. ಅವಳ ಕಣ್ಣಲ್ಲಿ ನೀರಿತ್ತು. "ಈಸ್ಟರ್‌ಗೆ ಬರ್ತೀನಿ ಅಂದಿದ್ರು, ಬಂದಿದ್ದಾರೆ."

ಕುನಿಗುಂಡಮ್ಮನಿಗೂ ಎದೆ ತುಂಬಿ ಬಂತು. ಯೋಬ್ಸ್ಟ್ ಬದುಕಿದ್ದರೆ ಕೊಲೆಯೇ ಇಲ್ಲ. ಎಂಡ್ರೆಸ್ ಮನೆಗೆ ಹೋಗುತ್ತಾನೆ, ಡೊರೋಥೆಯನ್ನು ಯಾರೂ ಏನೂ ಕೇಳುವುದಿಲ್ಲ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳಿಗೆ ಹಸಿವಾಯಿತು.

ಸಂಜೆಯ ಗಂಟೆ ಶುರುವಾಯಿತು. ಪ್ರಮಾಣ ಬರೆದುಕೊಳ್ಳಲು ಹಾಲ್ಬಾಖ್ ಗುಮಾಸ್ತನೊಡನೆ ಬರುವ ಹೊತ್ತು. ಮುಖಮಂಟಪದಲ್ಲಿ ಬಹಳ ಜನರ ಹೆಜ್ಜೆ ಕೇಳಿತು. ಅವಳು ಮಗಳ ಕೈ ಹಿಡಿದುಕೊಂಡು ಎದುರು ಹೋದಳು.

ಹಾಲ್ಬಾಖ್ ಬಂದಿದ್ದ. ಗುಮಾಸ್ತನೂ ಬಂದಿದ್ದ. ಅವರ ಹಿಂದೆ ಗಿರಣಿಯ ಆಳುಗಳು ನಾಲ್ವರು ಒಂದು ಹಲಗೆ ಹೊತ್ತು ನಿಂತಿದ್ದರು. ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಟ್ಟಿನ ಗೋಣಿಗಳ ಕೆಳಗೆ ಏನೋ ಉದ್ದಕ್ಕೆ ಮಲಗಿತ್ತು.

ಹೊಳೆಯ ನೀರು ಏರಿದ್ದಕ್ಕೆ ಗಿರಣಿಯ ಚಕ್ರ ಸಿಕ್ಕಿಕೊಂಡಿತಂತೆ. ಬಿಡಿಸಲು ಇಳಿದವರಿಗೆ ಇದು ಸಿಕ್ಕಿತಂತೆ. ಮುಖ ಗುರುತು ಹಿಡಿಯುವಂತಿಲ್ಲ, ಎರಡು ತಿಂಗಳಾದರೂ ನೀರಿನಲ್ಲಿದ್ದ ಹೆಣ ಎಂದು ಹಾಲ್ಬಾಖ್ ಹೇಳಿ, ಗೋಣಿಯನ್ನು ಕುತ್ತಿಗೆಯವರೆಗೆ ಸರಿಸಿದ. ಕುತ್ತಿಗೆಯಲ್ಲಿ ಕೆಂಪು ದಾರ, ದಾರದಲ್ಲಿ ಚಿತ್ರಗಾರರ ಸಂತ ಲೂಕನ ತವರದ ಬಿಲ್ಲೆ.

ಡೊರೋಥೆ ಅಳಲಿಲ್ಲ. ಬಾಗಿ, ದಾರದ ಗಂಟನ್ನು ನೋಡಿ, ಇದನ್ನು ಹೆಣೆದದ್ದು ತಾನೇ ಎಂದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು.

"ಅಲ್ಲಿಗೆ ಮುಗೀತು" ಎಂದ ಹಾಲ್ಬಾಖ್. "ಸತ್ತಿರೋದು ಖಾತ್ರಿ. ಇನ್ನೊಂದೂ ಇದೆ, ನೋಡಿ." ಅವನು ಎಡಗಡೆಯ ಗೋಣಿ ಎತ್ತಿದ. ಅಂಗಿಯ ತೋಳು ಖಾಲಿ ಜೋಲುತ್ತಿತ್ತು. ಮಣಿಕಟ್ಟಿನಿಂದ ಮುಂದೆ ಕೈ ಇರಲಿಲ್ಲ. ಮೀನು ತಿಂದದ್ದಲ್ಲ, ಹರಿದದ್ದಲ್ಲ, ಒಂದೇ ಏಟಿಗೆ ನೇರವಾಗಿ ಕಡಿದದ್ದು. "ಮರ ಕೆತ್ತೋನ ಬಾಚಿ ಏಟು. ಎಂಡ್ರೆಸನೇ. ಗಂಟೆ ನಿಲ್ಲುತ್ತೆ ಕುನಿಗುಂಡಮ್ಮ, ಏನಂತ ಬರ್ಕೊಳ್ಳೋಣ?"

ಗುಮಾಸ್ತ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು ಲೇಖನಿ ಅದ್ದಿದ. ಮೇಲೆ ಲಿನ್ಹಾರ್ಟ್ ಎಳೆಯುತ್ತಿದ್ದ ಗಂಟೆ ನಿಧಾನವಾಗುತ್ತಿತ್ತು. ಕುನಿಗುಂಡಮ್ಮ ಆ ಖಾಲಿ ತೋಳನ್ನು ನೋಡಿದಳು, ತೆರೆದ ಮಂಟಪದ ಕಡೆ ನೋಡಿದಳು. ಅಲ್ಲಿಂದ ಯೋಹಾನ ಇವರನ್ನೇ ನೋಡುತ್ತಿದ್ದ. ಹೋದ ಸಲ ಕಣ್ಣಿಗೆ ಕಂಡದ್ದನ್ನಷ್ಟೇ ನಂಬಿ ಒಬ್ಬನ ಕುತ್ತಿಗೆಗೆ ಕತ್ತಿ ತಂದಿದ್ದಳು. ಈ ಸಲ ಮುಟ್ಟಿ ನೋಡಿದ್ದನ್ನು ಬಿಟ್ಟು ಬೇರೇನೂ ಹೇಳುವುದಿಲ್ಲವೆಂದು ಗಟ್ಟಿ ಮಾಡಿಕೊಂಡಳು.

ಬಲಗೈಯ ಎರಡು ಬೆರಳೆತ್ತಿದಳು.

"ಯೋಹಾನನ ಕಣ್ಣಿನ ಬಣ್ಣ ಇನ್ನೂ ಹಸಿಯಾಗಿದೆ. ಅದು ಯೋಬ್ಸ್ಟನ ಕೈಯ ಕೆಲಸ, ಬೇರೆ ಯಾರದ್ದೂ ಅಲ್ಲ. ಇವತ್ತು ಬೆಳಿಗ್ಗೆ ಎಂಡ್ರೆಸ್ ಬುರುಜಿನಲ್ಲಿ ಸರಪಳಿಯಲ್ಲಿದ್ದ. ಇಲ್ಲಿ ಮಲಗಿರೋನ ಎಡಗೈ ಇವತ್ತು ಬೆಳಿಗ್ಗೆ ಈ ಇಗರ್ಜಿಯಲ್ಲಿ ಕೆಲಸ ಮಾಡಿದೆ. ಹಾಗಂತ ಬರ್ಕೊಳ್ಳಿ."

ಅವಳ ಮಾತು ಮುಗಿದ ಮೇಲೆಯೇ ಗಂಟೆ ನಿಂತದ್ದು. ಆದ್ದರಿಂದ ಗುಮಾಸ್ತ ಅದನ್ನು ಪ್ರಮಾಣವೆಂದೇ ಬರೆದುಕೊಳ್ಳಬೇಕಾಯಿತು.